ಉಯ್ಯಂಬಳ್ಳಿಯ ಮಿಸ್ಡ್ ಕಾಲ್

ಸವಿತಾ, ನಿನ್ನ ಆಟೋ ಸರ್ವಿಸ್ ಮುಚ್ಚಿಸಿದವನು ನಾನು. ಖಾಸಗಿ ಬಸ್ಸಿನವರಲ್ಲ, ಬೆಂಗಳೂರಿನ ದೊಡ್ಡ ಕಂಪನಿಯವರಲ್ಲ, ನೀನು ಇಷ್ಟು ವರ್ಷ ಶಪಿಸುತ್ತ ಬಂದ ಸರ್ಕಾರವೂ ಅಲ್ಲ — ಸರ್ಕಾರ ಆಮೇಲೆ, ಮೊದಲು ನಾನು. ಕನಕಪುರದ ನಮ್ಮ ಆಟೋ ಸ್ಟ್ಯಾಂಡಿನ ಅಧ್ಯಕ್ಷ, ನೀನು ಬಾಯ್ತುಂಬ ಅಣ್ಣ ಎಂದು ಕರೆಯುವವನು, ಸಾರಿಗೆ ಕಚೇರಿಗೆ ಹೋಗಿ ನಿನ್ನ ಮೇಲೆ ದೂರು ಹೇಳಿ ಬಂದೆ. ಅದೇ ಸಂಜೆ ನಿಮ್ಮ ಮನೆಯಲ್ಲಿ ಕಾಫಿಯನ್ನೂ ಕುಡಿದೆ. ಬರೆಯುತ್ತ ಕೂತರೆ ನಾಚಿಕೆಗಿಂತ ಸಿಟ್ಟೇ ಹೆಚ್ಚು ಬರುತ್ತಿದೆ. ಬರಲಿ.

ನೀನು ಮಾಡಿದ್ದಾದರೂ ಏನು? ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆ, ಒಂದು ಹಳೆಯ ಕಂಪ್ಯೂಟರ್, ಎರಡು ಫೋನು. ನಿಮ್ಮ ಉಯ್ಯಂಬಳ್ಳಿ ಕಡೆ ಒಂದು ಬಸ್ಸು ತಪ್ಪಿದರೆ ಮುಂದಿನ ಬಸ್ಸಿನವರೆಗೆ ಕಾಯುವುದೇ ಗತಿ. ಅಲ್ಲಿಂದ ಯಾರಾದರೂ ನಿನ್ನ ನಂಬರಿಗೆ ಒಂದು ಮಿಸ್ಡ್ ಕಾಲ್ ಕೊಟ್ಟರೆ ಸಾಕಿತ್ತು, ನೀನೇ ವಾಪಸ್ ಫೋನ್ ಮಾಡಿ ವಿಚಾರಿಸುತ್ತಿದ್ದೆ. ಸ್ಮಾರ್ಟ್ ಫೋನೂ ಬೇಡ, ಇಂಟರ್ನೆಟ್ಟೂ ಬೇಡ. ಆ ಕಡೆಯಿಂದ ಖಾಲಿ ವಾಪಸ್ ಬರುತ್ತಿದ್ದ ಆಟೋಗೆ ಸುದ್ದಿ ಮುಟ್ಟುತ್ತಿತ್ತು. ಅಂಥ ಆಟೋ ಇಲ್ಲದಿದ್ದರೆ ಸ್ಟ್ಯಾಂಡಿನಲ್ಲಿ ಸರದಿಗೆ ಮೊದಲು ನಿಂತವನಿಗೆ. ಆ ಸರದಿಯ ಪಾಠ ನೀನು ಕಲಿತದ್ದು ನನ್ನಿಂದಲೇ. ಬೆಳಗ್ಗೆ ಬಂದು ನನ್ನ ಆಟೋದ ಹಿಂದಿನ ಸೀಟಿನಲ್ಲಿ ಕೂತು ಕೇಳುತ್ತಿದ್ದೆ — ಟೀ ಕುಡಿಯಲು ಹೋದವನ ಸರದಿ ಉಳಿಯುತ್ತದೆಯೇ, ಗ್ಯಾಸ್ ಹಾಕಿಸಲು ಹೋದವನದು ಹೋಗುತ್ತದೆಯೇ... ನಾನೂ ಮೇಷ್ಟರ ಹಾಗೆ ಬೀಗುತ್ತ ಹೇಳಿಕೊಡುತ್ತಿದ್ದೆ.

ಒಂದನ್ನು ಮಾತ್ರ ಹೇಳಿರಲಿಲ್ಲ. ಮಂಗಳವಾರ, ಶುಕ್ರವಾರ ಕಬ್ಬಾಳಮ್ಮನ ದರ್ಶನಕ್ಕೆ ಜನ ಹೊರಡುತ್ತಾರಲ್ಲ, ಆ ದಿನದ ಮೊದಲ ಕಬ್ಬಾಳು ಬಾಡಿಗೆ ಅಧ್ಯಕ್ಷರದು. ಸರದಿಯಲ್ಲಿ ಎಷ್ಟೇ ಹಿಂದಿದ್ದರೂ ಸರಿ. ಇದು ಎಲ್ಲೂ ಬರೆದಿಟ್ಟ ರೂಲ್ ಅಲ್ಲ, ಹಿಂದಿನಿಂದ ನಡೆದುಬಂದದ್ದು. ಹೇಳಿಕೊಳ್ಳಲು ನನಗೇ ಒಂದು ಥರ ಆಗುತ್ತಿತ್ತೇನೋ, ಅದಕ್ಕೇ ನಿನಗೆ ಹೇಳಿರಲಿಲ್ಲ.

ಆ ಶುಕ್ರವಾರ ಕಬ್ಬಾಳಿಗೆ ಹೊರಟ ಒಂದು ಸಂಸಾರ ನಿನಗೆ ಕಾಲ್ ಕೊಟ್ಟು ಸ್ಟ್ಯಾಂಡಿಗೆ ಬಂತು. ನಾನು ಎಂದಿನಂತೆ ಗಾಡಿ ಮುಂದಕ್ಕೆ ತಂದೆ. ಸರದಿಯಲ್ಲಿ ಮೊದಲಿದ್ದ ಮಹದೇವ ಎಂದೂ ತುಟಿ ಬಿಚ್ಚದವನು, ಅವತ್ತು ಫೋನ್ ಎತ್ತಿ ನೀನು ಕಳಿಸಿದ ಮೆಸೇಜು ತೋರಿಸಿದ. "ಅಧ್ಯಕ್ಷ್ರೇ, ಸರದಿ ನಂದು ಕಣಣ್ಣ. ನಿಮ್ದು ಇನ್ನೂ ಹಿಂದೈತೆ." ಇಡೀ ಸ್ಟ್ಯಾಂಡು ಗೊಳ್ಳೆಂದು ನಕ್ಕಿತು. ಮೈಯೆಲ್ಲ ಉರಿದುಹೋಯಿತು. ನೇರ ನಿನ್ನ ಕೋಣೆಗೆ ಬಂದು ಕೂಗಾಡಿದೆ. ನೀನು ಮಗುವಿನ ಹಾಗೆ ನನ್ನ ಮುಖ ನೋಡಿದೆ.

"ಅಣ್ಣ, ಸರದಿ ಅಂದ್ಮೇಲೆ ಎಲ್ರಿಗೂ ಒಂದೇ ಅಲ್ವಾ? ನೀವೇ ತಾನೆ ಹೇಳ್ಕೊಟ್ಟಿದ್ದು?"

ಬಾಗಿಲು ದಬ್ಬಿಕೊಂಡು ಹೊರಗೆ ಬಂದೆ. ಉತ್ತರವಿಲ್ಲದವನ ಕೈಗೆ ಒಂದು ಕಾನೂನು ಸಿಕ್ಕಿಬಿಟ್ಟರೆ —

ಫೋನಿನಲ್ಲಿ ಗಾಡಿ ಬುಕ್ ಮಾಡಿಸುವವರು ಲೈಸೆನ್ಸ್ ಪಡೆಯಲೇಬೇಕೆನ್ನುವ ಆ ಕಾನೂನು ಬೇಕೆಂದು ಬೆಂಗಳೂರಿಗೆ ಹೋಗಿ ಗಂಟಲು ಹರಿಯುವಂತೆ ಕೂಗಿದವರಲ್ಲಿ ನಾನೂ ಒಬ್ಬ. ಆ್ಯಪ್ ಕಂಪನಿಗಳು ಮನಬಂದಂತೆ ದರ ಕುಣಿಸುತ್ತಿದ್ದವು, ಚಾಲಕರ ಬೆವರಿನಲ್ಲಿ ಪಾಲು ಕೀಳುತ್ತಿದ್ದವು. ಅವಕ್ಕೆ ಮೂಗುದಾರ ಬೇಕೇ ಬೇಕಿತ್ತು. ಇವತ್ತಿಗೂ ಹಾಗೇ ಹೇಳುತ್ತೇನೆ. ಆದರೆ ಬರೆದವರ ತಲೆ ನೋಡು! ಅಷ್ಟು ದೊಡ್ಡ ಠೇವಣಿ, ಹಗಲೂ ರಾತ್ರಿ ತೆರೆದಿರುವ ಕಂಟ್ರೋಲ್ ರೂಮು, ಇನ್ನೂ ಏನೇನೋ. ಊರೂರಿನಲ್ಲಿ ಗಾಡಿ ಓಡಿಸುವ ಕಂಪನಿಗೂ ಜೆರಾಕ್ಸ್ ಅಂಗಡಿಯ ಹಿಂದೆ ಕೂತ ನಿನಗೂ ಒಂದೇ ಅಳತೆ. ಹೊಸದಾಗಿ ಏನಾದರೂ ಮಾಡಲು ಹೊರಟ ಬಡವರ ಮಕ್ಕಳು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆ ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೇ ಹೋಗಿ ಅಧಿಕಾರಿಯ ಮುಂದೆ ಕೈಕಟ್ಟಿ ನಿಂತೆ.

"ಸಾರ್, ನಮ್ಮೂರಲ್ಲಿ ಒಂದು ಆ್ಯಪ್ ಕಂಪನಿ ಲೈಸೆನ್ಸ್ ಇಲ್ದೆ ನಡೀತಾ ಐತೆ. ಒಸಿ ನೋಡಿ."

ಕಂಪನಿಯಂತೆ! ಎರಡು ಫೋನಿನ ಕಂಪನಿ! ಬೇಕೆಂದೇ ಹಾಗೆ ಹೇಳಿದೆ.

ನೋಟಿಸ್ ಬಂದಾಗ ನೀನು ಓಡಿ ಬಂದದ್ದು ನನ್ನ ಹತ್ತಿರವೇ. "ನಾನಿವ್ನಿ, ನಡಿ" ಎಂದು ಅದೇ ಕಚೇರಿಗೆ ಕರೆದುಕೊಂಡು ಹೋದೆ. ಬಡವರ ಮನೆ ಹೆಣ್ಣುಮಗಳು ಸಾರ್ ಎಂದು ವಾದವನ್ನೂ ಮಾಡಿದೆ — ಥೂ. ಅಧಿಕಾರಿ ನನ್ನನ್ನು ಒಂದು ಸಲ ದಿಟ್ಟಿಸಿ ನೋಡಿದರು, ಆದರೆ ಬಾಯಿ ಬಿಡಲಿಲ್ಲ. "ಲೈಸೆನ್ಸ್ ತಗೊಂಡ್ ಬಾಮ್ಮ, ಆಮೇಲೆ ಓಡ್ಸು" ಎಂದು ನಿನಗೆ ಹೇಳಿದರು. ವಾಪಸ್ ಬರುವಾಗ ನೀನು ನನ್ನ ಆಟೋದಲ್ಲಿ ದಾರಿಯುದ್ದಕ್ಕೂ ಅತ್ತೆ. "ಬುಡವ್ವ, ಸರ್ಕಾರದೋರು ಇರೋದೇ ಹಿಂಗೆ" ಎಂದು ನಾನೇ ಸಮಾಧಾನ ಹೇಳಿದೆ.

ಲೈಸೆನ್ಸ್ ಇರುವ ದೊಡ್ಡ ಕಂಪನಿ ಈಗ ನಮ್ಮೂರಿಗೇ ಬಂದಿದೆ. ಅದಕ್ಕೆ ಠೇವಣಿ ಒಂದು ಲೆಕ್ಕವೇ? ಸರದಿ ಗಿರದಿ ಏನೂ ಇಲ್ಲ, ಯಾರಿಗೆ ಯಾಕೆ ಬಾಡಿಗೆ ಬರುತ್ತದೆ ಎಂದು ಆ ದೇವರಿಗೇ ಗೊತ್ತು. ನಾನೂ ಫೋನ್ ಹಿಡಿದು ಭಿಕ್ಷುಕನ ಹಾಗೆ ಕಾಯುತ್ತೇನೆ. ನನಗೆ ಹಾಗೇ ಆಗಬೇಕು! ಆದರೆ ಉಯ್ಯಂಬಳ್ಳಿಯವರು ಏನು ಮಾಡಿದ್ದರು? ಅಲ್ಲಿಂದ ಕರೆದರೆ ಗಾಡಿ ಲಭ್ಯವಿಲ್ಲ ಎಂದು ಬರುತ್ತದೆ. ಕಂಕುಳಲ್ಲಿ ಜ್ವರದ ಮಗು ಇಟ್ಟುಕೊಂಡ ಹೆಂಗಸರು ಮತ್ತೆ ರಸ್ತೆ ಬದಿಯಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದಾರೆ. ಅವರನ್ನು ಅಲ್ಲಿ ನಿಲ್ಲಿಸಿದ್ದು ನನ್ನ ಒಂದು ಕಬ್ಬಾಳು ಬಾಡಿಗೆ.

ಹೋದ ತಿಂಗಳು ರಾಮನಗರದಲ್ಲಿ ಸಣ್ಣ ಉದ್ಯಮದವರ ಸಭೆ ನಡೆಯಿತಲ್ಲ, ನನ್ನ ಕೈಗೂ ಮೈಕ್ ಕೊಟ್ಟರು. ಗುಡುಗಿದೆ. ನಮ್ಮೂರ ಹೆಣ್ಣುಮಗಳ ಬುದ್ಧಿಯನ್ನು ಈ ಕಾನೂನು ಕೊಂದಿತು ಎಂದೆ. ಒಂದು ಮಾತೂ ಸುಳ್ಳಲ್ಲ, ಅಸಹ್ಯವಾಗುವುದೇ ಅದಕ್ಕೆ. ಜನ ಚಪ್ಪಾಳೆ ತಟ್ಟಿದರು. ನೀನು ಹಿಂದಿನ ಸಾಲಿನಿಂದ ಎದ್ದು ಬಂದೆ, ಕಣ್ಣು ತುಂಬಿತ್ತು.

"ಅಣ್ಣ, ನನ್ ಪರ ನಿಂತ್ಕಂಡೋರು ನೀವೊಬ್ರೇ. ಮತ್ತೆ ಶುರು ಮಾಡ್ತೀನಿ. ಈ ಸಲ ಯಾರನ್ನ ನಂಬ್ಬೇಕು, ಯಾರನ್ನ ನಂಬಬಾರ್ದು, ನೀವೇ ಹೇಳ್ಬುಡಿ."

ಯೋಚನೆ ಮಾಡಿ ಹೇಳುತ್ತೇನೆ ಎಂದು ತಪ್ಪಿಸಿಕೊಂಡು ಬಂದೆ. ಈಗ ಯೋಚಿಸಿದ್ದೇನೆ. ನಾಳೆ ಸ್ಟ್ಯಾಂಡಿನಲ್ಲಿ ಎಲ್ಲರ ಮುಂದೆ ಇದನ್ನೇ ಹೇಳುತ್ತೇನೆ, ಅಧ್ಯಕ್ಷಗಿರಿ ಅಲ್ಲಿಗೆ ಮುಗಿಯಲಿ. ಆಮೇಲೆ ಅದೇ ಕಚೇರಿಗೆ ಹೋಗಿ, ಅವತ್ತು ದೂರು ಹೇಳಿದವನು ನಾನೇ ಎಂದು ಹೇಳಿ, ನಿನ್ನಂಥವರಿಗೆ ಬೇರೆ ಅಳತೆ ಬೇಕೆಂದು ಕೇಳುತ್ತೇನೆ. ನೀನು ನನ್ನನ್ನು ಕ್ಷಮಿಸುವುದು ಬೇಡ. ನೀನು ಕೇಳಿದ್ದಕ್ಕೆ ಉತ್ತರ ಇಷ್ಟೇ: ಮಹದೇವನನ್ನು ನಂಬು. ಬೇಕಾದರೆ ಆ ಕಾನೂನನ್ನೂ ಇನ್ನೊಂದು ಸಲ ನಂಬಿ ನೋಡು. ನನ್ನನ್ನು ನಂಬಬೇಡ.