ಐದು ಜೇಬುಗಳಿಗೆ ಹಂಚಿದ ಹಣ

ಜಮಿನ್ ಊದ್‌ನಿಂದ ಗಡಿಯಾಚೆ ಚೀನಾದ ಎರೆನ್ ಪೇಟೆಗೆ ಜೀಪು ಓಡಿಸುವುದು ನನ್ನ ಹೊಟ್ಟೆಪಾಡು. ಆ ದಾರಿಯಲ್ಲಿ ನೊರ್ಜ್ಮಾ ಅಕ್ಕನಷ್ಟು ಗಟ್ಟಿ ಹೆಂಗಸನ್ನು ನಾನು ಕಂಡಿಲ್ಲ. ಗಂಡ ಸತ್ತ ಮೇಲೆ ಚೀನಾದಿಂದ ಕಂಬಳಿ, ಮಕ್ಕಳ ಬೂಟು ತಂದು ಮಾರಿ ಮಗಳನ್ನು ಸಾಕಿದವಳು. ಗಡಿ ದಾಟುವಾಗ ಒಬ್ಬರ ಬಳಿ ಇಷ್ಟೇ ಯುವಾನ್ ಇರಬೇಕೆಂಬ ಮಿತಿಯಿದೆ; ಮೀರಿದರೆ ಜೇಬಿನಲ್ಲಿದ್ದದ್ದನ್ನೆಲ್ಲ ಕಿತ್ತುಕೊಳ್ಳುತ್ತಾರೆ. ಹೆಚ್ಚಿದ್ದವರು ಜೀಪಿನಲ್ಲಿ ಕೂತವರಿಗೆ ಹಂಚಿ, ದಾಟಿದ ಮೇಲೆ ವಾಪಸು ಪಡೆಯುತ್ತಾರೆ. ಕೇಳಿದರೆ ಇಲ್ಲವೆನ್ನಬಾರದು, ನಿನ್ನ ಜೇಬಿನಲ್ಲೆಷ್ಟಿದೆ ಎಂದು ಕೇಳಲೂಬಾರದು. ಅಕ್ಕ ಎಷ್ಟೋ ಜನರ ಹಣ ದಾಟಿಸಿದ್ದಳು. ತನಗಾಗಿ ಕೇಳಿದವಳಲ್ಲ.

ಅವತ್ತು ಕೇಳಿದಳು. ಮೊಮ್ಮಗ ಎರೆನ್‌ನ ಆಸ್ಪತ್ರೆಯಲ್ಲಿದ್ದ. ಸಂಜೆಯೊಳಗೆ ಪೂರ್ತಿ ಹಣ ಕಟ್ಟಿದರೆ ಮಾತ್ರ ಆಪರೇಷನ್.

"ಏನಕ್ಕಾ, ಬ್ಯಾಂಕೇ ಬೀದಿಗೆ ಬಂದಂಗಿದೆಯಲ್ಲ?" ಎಂದೆ.

"ಬಾಯ್ ಮುಚ್ಕೊಂಡು ಗಾಡಿ ಓಡ್ಸೋ. ಧೂಳು ಏಳ್ತಿದೆ, ಗೇಟ್ ಹಾಕ್ಬಿಡ್ತಾರೆ."

ಒಂದು ಪಾಲು ತಾನಿಟ್ಟುಕೊಂಡು ಉಳಿದ ನಾಲ್ಕನ್ನು ಹಂಚಿದಳು. ಕೊನೆಯದು ಹಿಂದಿನ ಸೀಟಿನಲ್ಲಿದ್ದ ಮುದುಕ ಗೊಂಚಿಗ್‌ಗೆ. ಅವನ ಕೈ ಒಮ್ಮೆ ತನ್ನ ಎದೆಯ ಜೇಬಿನ ಮೇಲೆ ಆಡಿತು. ಕನ್ನಡಿಯಲ್ಲಿ ನೋಡಿದೆ, ನನಗೇಕೋ ಸರಿಯೆನಿಸಲಿಲ್ಲ.

"ಮಗೂಗಾ? ಕೊಡಮ್ಮ," ಎಂದ.

ತಪಾಸಣೆ ಮುಗಿಸಿ ಎಲ್ಲರೂ ಆಚೆ ಬಂದರು, ಗೊಂಚಿಗ್ ಒಬ್ಬನನ್ನು ಬಿಟ್ಟು. ಧೂಳಿಗೆ ಗೇಟೇ ಕಾಣದಂತಾಯಿತು.

"ಮುದ್ಕ ಓಡೋದ್ನೇನೋ," ಎಂದ ಒಬ್ಬ.

"ಅವ್ರು ಕಳ್ಳರಲ್ಲ," ಎಂದಳು ಅಕ್ಕ. ಕಳ್ಳನಾಗಿದ್ದರೆ ಹಿಡಿದಾದರೂ ಕೇಳಬಹುದಿತ್ತು ಎಂದು ಆಮೇಲೆ ನನಗನ್ನಿಸಿದೆ.

ಬಹಳ ಹೊತ್ತಿನ ಮೇಲೆ ಅವನು ಟೋಪಿ ಕೈಯಲ್ಲಿ ಹಿಡಿದು ಬಂದ.

"ನಂದೂ ಹೋಯ್ತು, ನಿಂದೂ ಹೋಯ್ತಮ್ಮ. ನನ್ ಹತ್ರಾನೇ ಮಿತಿಯಷ್ಟಿತ್ತು. ಒಂಟೆ ಮಾರಿದ್ದು."

"ಹೇಳ್ಬಾರ್ದಿತ್ತಾ ಅಜ್ಜಾ?"

"ನೀನು ಮಗೂಗೆ ಅಂತ ಕೇಳ್ದೆ. ಹೆಂಗ್ ಇಲ್ಲ ಅನ್ಲಿ?"

ನಾವೆಲ್ಲ ಜೇಬು ಕೊಡವಿದೆವು. ಅದು ನಮ್ಮಿಂದ ತುಂಬುವ ಹಳ್ಳವಾಗಿರಲಿಲ್ಲ. ಹಿಂದೆ ಗೇಟು ಮುಚ್ಚಿತು. ಅಷ್ಟರಲ್ಲಿ ಅಕ್ಕನ ಫೋನು ಬಡಿದುಕೊಂಡಿತು. ಮಗಳ ದನಿ ನಮಗೆಲ್ಲ ಕೇಳುತ್ತಿತ್ತು.

"ಅಮ್ಮಾ, ಎಲ್ಲಿದೀಯಾ? ದುಡ್ಡು ಕಟ್ಟಿಲ್ಲ ಅಂದ್ರೆ ಬೇರೆಯವ್ರನ್ನ ಒಳಗ್ ಕರೀತಾರಂತೆ."

ಗೊಂಚಿಗ್ ತಲೆ ತಗ್ಗಿಸಿ ನಿಂತಿದ್ದ. ಅಕ್ಕ ಅವನನ್ನೇ ನೋಡುತ್ತ, "ಬಂದೆ ಕಣೇ, ತರ್ತಿದೀನಿ," ಎಂದು ಫೋನಿಟ್ಟಳು. ಅವಳ ಬಾಯಲ್ಲಿ ನಾನು ಕೇಳಿದ ಮೊದಲ ಸುಳ್ಳು ಅದು.