ಬೀಗರಿಗಿಟ್ಟ ಎಡೆ

ಇವತ್ತು ಬೆಳಗ್ಗೆಯಿಂದ ನಮ್ಮ ಅಡುಗೆಮನೆಯಲ್ಲಿ ಕೇಕಿನ ಪರಿಮಳಕ್ಕೂ ಮೀನುಸಾರಿನ ವಾಸನೆಗೂ ಜಗಳ. ಸಾಲದ್ದಕ್ಕೆ ಹಜಾರದಿಂದ ಹೊಗೆಸೊಪ್ಪಿನ ಘಾಟು ಬೇರೆ. ಡಿಸೆಂಬರಿನಲ್ಲಿ ಬೆಟ್ಟದಪುರದ ಕಡೆ ಯಾವ ಮನೆಗೆ ಬಂದರೂ ನಿಮಗೆ ಈ ಘಾಟು ತಪ್ಪದು; ಸೊಪ್ಪು ಹರಾಜಿಗೆ ಹೋಗುವ ತನಕ ಮನುಷ್ಯರು ಮೂಲೆ ಹುಡುಕಿಕೊಂಡು ಮಲಗಬೇಕು. ಕೇಕು ಮಾತ್ರ ಈ ಮನೆಗೆ ಬಂದದ್ದು ನನ್ನ ಹೆಂಡತಿ ರೀಟಾಳ ಜೊತೆಗೆ.

ರೀಟಾ ಎಚ್.ಡಿ. ಕೋಟೆಯ ಮೇಷ್ಟ್ರೊಬ್ಬರ ಮಗಳು. ನಮ್ಮ ಮದುವೆಯನ್ನು ಅವರು ಒಪ್ಪಲಿಲ್ಲ. ‘ಆ ಮನೆ ಹೊಸ್ತಿಲು ತುಳಿಯಲ್ಲ’ ಅಂದವರು ತುಳಿಯದೆಯೇ ತೀರಿಕೊಂಡರು. ಆ ವರ್ಷದ ಕ್ರಿಸ್‌ಮಸ್ಸಿಗೆ ರೀಟಾ ನಕ್ಷತ್ರ ಕಟ್ಟಲಿಲ್ಲ. “ಏನೂ ಬೇಡ ಅತ್ತೆ, ಸುಮ್ಮನೆ ಇದ್ದುಬಿಡೋಣ” ಅಂದಳು. ಅಳಲೂ ಇಲ್ಲ. ನಾನೋ, ಓದಿದವನಲ್ಲವೇ, ದುಃಖಕ್ಕೆ ಸಮಯ ಕೊಡಬೇಕು ಎಂದು ದೊಡ್ಡ ಮಾತಾಡಿ ಪೇಪರ್ ಹಿಡಿದು ಕೂತೆ.

ನಮ್ಮವ್ವನಿಗೆ ಸುಮ್ಮನಿರುವುದು ಗೊತ್ತಿಲ್ಲ. ಹಬ್ಬ ಅಂದಮೇಲೆ ತೀರಿಕೊಂಡವರಿಗೆ ಎಡೆ ಇಡಬೇಕು, ಅವರು ಯಾವ ದೇವರ ಒಕ್ಕಲಾದರೂ ಸರಿ.

“ನಿಮ್ಮಪ್ಪಾರ್ಗೆ ಏನಿಷ್ಟವಾಗಿತ್ತವ್ವ?”

“ಮೀನುಸಾರು” ಎಂದಳು ರೀಟಾ, ಗೋಡೆ ನೋಡುತ್ತಾ.

ಅವ್ವ ನನ್ನತ್ತ ತಿರುಗಿದಳು. “ಲೇ, ಪಿರಿಯಾಪಟ್ಟಣಕ್ಕೋಗಿ ಮೀನು ತಕಬಾ. ಎಡೆ ಮುಂದೆ ಇಡಕ್ಕೆ ಒಂದು ಪ್ಯಾಂಟ್ ಪೀಸೂ ತಕಬಾ. ಮೇಷ್ಟ್ರು ಪಂಚೆ ಉಡ್ತಿರ್ಲಿಲ್ಲ.”

ಸೊಪ್ಪನ್ನು ಅತ್ತ ಸರಿಸಿ ಮೇಷ್ಟ್ರ ಫೋಟೊ ಇಟ್ಟೆವು. ಮುಂದೆ ಬಾಳೆಲೆಯಲ್ಲಿ ಮುದ್ದೆ, ಮೀನುಸಾರು. ಪಕ್ಕದಲ್ಲಿ ಪ್ಯಾಂಟ್ ಪೀಸು. ಊದುಬತ್ತಿಯೋ ಮೇಣದಬತ್ತಿಯೋ ಎಂದು ಅನುಮಾನ ಬಂದು ಅವ್ವ ಎರಡನ್ನೂ ಹಚ್ಚಿದಳು. ಹಿರಿಯರು ಬಂದು ಉಣ್ಣಲೆಂದು ಎಲ್ಲರೂ ಹೊರಬಂದು ಬಾಗಿಲು ಮುಚ್ಚುವುದು ನಮ್ಮ ಪದ್ಧತಿ. ಜಗುಲಿಯಲ್ಲಿ ನಿಂತ ನನಗೆ ನಾಚಿಕೆಯಿಂದ ಬೆವರು. ಅವ್ವ ಬೀದಿಯ ಕಡೆ ಮುಖ ಮಾಡಿ, ನಿಜಕ್ಕೂ ಯಾರೋ ನಿಂತಿದ್ದಾರೇನೋ ಅನ್ನುವಂತೆ ಕರೆದಳು:

“ಬೀಗ್ರೇ, ಕ್ವಾಪ ಬುಟ್ಟು ಬನ್ನಿ. ಒಳಗೆ ಯಾರೂ ಇಲ್ಲ, ನಾವ್ಯಾರೂ ನೋಡಕಿಲ್ಲ. ಉಂಡ್ಕಂಡೋಗಿ.”

ರೀಟಾ ಕಂಬ ಹಿಡಿದುಕೊಂಡು ಅತ್ತಳು. ಅಪ್ಪ ಹೋದಮೇಲೆ ಅವಳು ಅತ್ತದ್ದು ಆಗಲೇ. ಒಸಿ ಹೊತ್ತಾದ ಮೇಲೆ ಅವ್ವ ಬಾಗಿಲಿಗೆ ಕೈಯಿಟ್ಟಾಗ ರೀಟಾ ಆ ಕೈ ಹಿಡಿದಳು.

“ಇನ್ನೂ ಸ್ವಲ್ಪ ಇರಿ ಅತ್ತೆ. ಅಪ್ಪ ನಿಧಾನವಾಗಿ ಊಟ ಮಾಡೋರು.”

ಅಂದಿನಿಂದ ನಮ್ಮ ಕ್ರಿಸ್‌ಮಸ್ ಹೀಗೇ, ಸದ್ದಿಲ್ಲದೆ. ಇವತ್ತೂ ಎಡೆಯಿಟ್ಟು ಈಗಷ್ಟೇ ಜಗುಲಿಗೆ ಬಂದಿದ್ದೇವೆ. ಬೀದಿಯಲ್ಲಿ ಹೋಗುತ್ತಿದ್ದ ಹಳೆಯ ಗೆಳೆಯ ಬೈಕು ನಿಲ್ಲಿಸಿದ.

“ಯಾಕ್ಲಾ, ಬಾಗ್ಲಾಕಂಡು ಎಲ್ರೂ ಆಚೆ ನಿಂತಿದ್ದೀರಿ?”

“ನಮ್ಮ ಮಾವ ಬಂದವ್ರೆ ಕಣ್ಲಾ” ಅಂದೆ. “ಊಟ ಮಾಡ್ತಾವ್ರೆ.”