ನೋಂದಣಿ ಮೇಜಿನ ಬ್ಯಾಡ್ಜ್ ಮೇಡಂ

ಮೂರು ಗುಳ್ಳೆ. ಎರಡು ಕಿವಿಯ ಹಿಂದೆ, ಒಂದು ಹೊಕ್ಕುಳಿನ ಪಕ್ಕ. ಬೆಳಿಗ್ಗೆ ಮಗಳಿಗೆ ಸ್ನಾನ ಮಾಡಿಸುವಾಗ ಕಂಡದ್ದು ಬಸ್ಸು ಹತ್ತಿದರೂ ಇಳಿದರೂ, ಸಮ್ಮೇಳನದ ನೋಂದಣಿ ಮೇಜಿನ ಹಿಂದೆ ಬಂದು ಕೂತರೂ ಅವಳ ಕಣ್ಣು ಬಿಟ್ಟು ಹೋಗಲಿಲ್ಲ. ಬುಡ ಕೆಂಪು, ತುದಿಯಲ್ಲಿ ನೀರಿನ ಹನಿಯಂಥ ಹೊಳಪು. ಫೋಟೊ ತೆಗೆದು, ಪರವೂರಿನಲ್ಲಿ ಕೆಲಸದ ಮೇಲಿದ್ದ ಗಂಡನಿಗೆ ಕಳಿಸಿದ್ದಳು. ಸೆಕೆಗುಳ್ಳೆ ಇರಬೇಕು, ನಿನಗೆ ಹುಲ್ಲುಕಡ್ಡಿ ಅಲುಗಿದರೂ ಗಾಬರಿ ಎಂದು ಉತ್ತರ ಬಂತು, ಕೊನೆಗೊಂದು ನಗುವ ಮುಖ ಬೇರೆ. ಹೂಂ, ಸೆಕೆಯೇ ಎಂದು ತನಗೆ ತಾನೇ ಹೇಳಿಕೊಂಡು, ಮೂರಕ್ಕೂ ಪೌಡರ್ ಮೆತ್ತಿ, ಮಗುವನ್ನು ಬೇಬಿ ಸಿಟ್ಟಿಂಗ್‌ನಲ್ಲಿ ಬಿಟ್ಟು ಬಂದಿದ್ದಳು. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹುಡುಗಿ ಏಳು ತಿಂಗಳ ಬಸುರಿ. ಮಗುವನ್ನು ಸೊಂಟಕ್ಕೆ ಏರಿಸಿಕೊಂಡು, ಕಿವಿಯ ಹಿಂದೆ ಬೆರಳಾಡಿಸಿ, "ಇದೇನಕ್ಕ?" ಎಂದು ಕೇಳಿದ್ದಳು.

"ಸೊಳ್ಳೆ," ಅಂದಿದ್ದಳು ಇವಳು, ಬಸ್ ನಿಲ್ದಾಣದ ಕಡೆ ನೋಡುತ್ತ.

ಚಿಕನ್ ಪಾಕ್ಸ್ ಎಂಬ ಮಾತು ಬಾಯಿಂದ ಬಿದ್ದರೆ ಮಗುವನ್ನು ಕಟ್ಟಿಕೊಂಡು ಹತ್ತು ದಿನ ಮನೆಯಲ್ಲಿರಬೇಕು. ವಿಶ್ವವಿದ್ಯಾಲಯದ ವಿಭಾಗವೊಂದರಲ್ಲಿ ಅವಳದು ಆರು ವರ್ಷದಿಂದ ತಾತ್ಕಾಲಿಕ ಕೆಲಸ. ಈ ಸಮ್ಮೇಳನವೊಂದು ಸುಸೂತ್ರವಾಗಿ ಮುಗಿಯಲಿ, ಕಾಯಂ ಮಾಡಿಸುತ್ತೇನೆ ಎಂದು ವಿಭಾಗದ ಮುಖ್ಯಸ್ಥರು ಹೇಳಿದ್ದರು. ಹಿಂದಿನ ಎರಡು ಸಮ್ಮೇಳನಗಳಿಗೂ ಅವರು ಹೀಗೇ ಹೇಳಿದ್ದರು. ಆದರೂ ಆಸೆ ಎಂಬುದು ನಾಚಿಕೆಗೆಟ್ಟದ್ದು.

ಸಮ್ಮೇಳನ ಜಾಲವಿಜ್ಞಾನದ್ದು. ಇರುವೆ ಸಾಲು, ವಿದ್ಯುತ್ ತಂತಿ, ಮಿದುಳು, ವದಂತಿ, ಜ್ವರ ಎಲ್ಲವೂ ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂದು ನೋಡುವ ಹೊಸ ಶಾಸ್ತ್ರ. ಎಲ್ಲ ಶಾಸ್ತ್ರಗಳೂ ಒಂದೇ ಸೂರಿನಡಿ ಎಂದು ಬಾಗಿಲಿಗೆ ಬ್ಯಾನರು ಕಟ್ಟಿದ್ದರು. ಸೂರೇನೋ ಒಂದೇ. ಆದರೆ ಚಹಾ ವಿರಾಮಕ್ಕೆ ಭೌತಶಾಸ್ತ್ರದವರು ಕಿಟಕಿಯ ಹತ್ತಿರ ಗುಂಪುಗೂಡುತ್ತಿದ್ದರು, ಅರ್ಥಶಾಸ್ತ್ರದವರು ಎ.ಸಿ. ಕೆಳಗೆ. ಸಮಾಜಶಾಸ್ತ್ರದ ಒಬ್ಬ ಹೆಂಗಸು ಖಾಲಿ ಕಪ್ಪು ಹಿಡಿದು ಬಾಗಿಲಿನ ಬಳಿ ಒಬ್ಬಳೇ ನಿಂತು, ಗೋಡೆಯ ಮೇಲಿನ ವೇಳಾಪಟ್ಟಿಯನ್ನು ನಾಲ್ಕನೆಯ ಸಲ ಓದುತ್ತಿದ್ದಳು. ಪರಸ್ಪರ ಎದುರಾದರೆ ಮುಖ ನೋಡುವವರಿಲ್ಲ. ಎಲ್ಲರ ಕಣ್ಣೂ ಮೊದಲು ಎದುರಿನವರ ಎದೆಯ ಮೇಲಿನ ಬ್ಯಾಡ್ಜಿಗೆ ಇಳಿದು, ದೊಡ್ಡ ಹೆಸರಾದರೆ ಅರಳಿ, ಅಲ್ಲದಿದ್ದರೆ ಬಿಸ್ಕತ್ತಿನ ತಟ್ಟೆಯ ಕಡೆ ಹೊರಳುತ್ತಿತ್ತು.

ಅವರೆಲ್ಲರೂ ತಪ್ಪದೆ ಬರುತ್ತಿದ್ದುದು ಅವಳ ಮೇಜಿಗೆ. ಚಾರ್ಜರ್ ಇದೆಯಾ, ವೈಫೈ ಪಾಸ್‌ವರ್ಡ್ ಏನು, ಶೌಚಾಲಯ ಎಲ್ಲಿ, ಅವರು ಬಂದರಾ, ಇವರು ಹೋದರಾ. ಮೂರು ವರ್ಷದಿಂದ ಅವಳ ಕೈಯಿಂದಲೇ ಸಮ್ಮೇಳನದ ಚೀಲ ಇಸಿದುಕೊಳ್ಳುವ ಮಹಾಶಯರೊಬ್ಬರು ಈ ವರ್ಷವೂ ನೀವು ಹೊಸಬರಾ ಎಂದು ವಿಚಾರಿಸಿದರು. ಹೌದು ಸರ್ ಎಂದಳು. ಪ್ರತಿ ವರ್ಷವೂ ಹಾಗೇ ಹೇಳುತ್ತಾಳೆ, ಮಾತು ಬೇಗ ಮುಗಿಯುತ್ತದೆ.

ಈ ಸಲದ ಹೊಸತು ಬ್ಯಾಡ್ಜಿನ ಹಿಂದೆ ಅಂಟಿಸಿದ ಬೆಂಕಿಪೊಟ್ಟಣದಷ್ಟು ದೊಡ್ಡ ಪೆಟ್ಟಿಗೆ. ಯಾರು ಯಾರ ಎದುರು ಎಷ್ಟು ಹೊತ್ತು ನಿಂತರು ಎಂಬುದನ್ನು ಅದು ಬರೆದಿಟ್ಟುಕೊಳ್ಳುತ್ತದಂತೆ. ಉಗ್ರಾಣದ ನೆಲದ ಮೇಲೆ ಕೂತು, ನಾಲ್ಕು ನೂರಕ್ಕೂ ದಾರ ಪೋಣಿಸಿದವಳು ಅವಳೇ. ನೀವೂ ಒಂದು ಹಾಕಿಕೊಳ್ಳಿ, ನೋಡಿದವರಿಗೆ ಧೈರ್ಯ ಬರುತ್ತದೆ ಎಂದು ಮುಖ್ಯಸ್ಥರು ಅವಳ ಕೊರಳಿಗೂ ಒಂದನ್ನು ಹಾಕಿಸಿದ್ದರು. ಚಹಾ ಕೊಡುವವನು ಅದನ್ನು ತಿರುಗಿಸಿ ನೋಡಿ ಮೂಗು ಮುರಿದ.

"ಯಾರ್ ಯಾರ ಹತ್ರ ಮಾತಾಡಿದ್ರು ಅಂತ ತಿಳ್ಕೊಳ್ಳೋಕೆ ಇಷ್ಟೆಲ್ಲ ಬೇಕಾ ಮೇಡಂ? ನನ್ನ ಕೇಳಿದ್ರೆ ಹೇಳ್ತಿದ್ದೆ. ಯಾರೂ ಮಾತಾಡ್ಲಿಲ್ಲ."

ಮಧ್ಯಾಹ್ನ ಸಭಾಂಗಣದಲ್ಲಿ ಪ್ರಶ್ನೆ ಕೇಳುವವರಿಗೆ ಮೈಕು ಒಯ್ದು ಕೊಡುವ ಕೆಲಸ ಅವಳ ಪಾಲಿಗೆ ಬಂತು. ಹಾಗಾಗಿ ಅವಳೂ ಪರದೆ ನೋಡಿದಳು. ಬೆಳಗಿನಿಂದ ಪೆಟ್ಟಿಗೆಗಳು ಕೂಡಿಹಾಕಿದ್ದೆಲ್ಲ ಅಲ್ಲಿ ಚುಕ್ಕಿ ಮತ್ತು ಗೆರೆಗಳಾಗಿತ್ತು. ಒಬ್ಬೊಬ್ಬರಿಗೆ ಒಂದೊಂದು ಚುಕ್ಕಿ. ಹೆಚ್ಚು ಜನರನ್ನು ಭೇಟಿಯಾದವರ ಚುಕ್ಕಿ ದೊಡ್ಡದು. ನಟ್ಟನಡುವೆ ಕುಂಬಳಕಾಯಿಯಂಥದೊಂದು ಕೂತಿತ್ತು. ಸಭೆಯಲ್ಲಿ ಗುಸುಗುಸು ಎದ್ದಿತು. ನಾಲ್ಕಾರು ಹಿರಿಯರು ಬೆನ್ನು ನೆಟ್ಟಗೆ ಮಾಡಿಕೊಂಡರು. ಮುಖ್ಯಸ್ಥರ ಕೈ ತಾನಾಗಿ ಕಾಲರಿಗೆ ಹೋಯಿತು. ವೇದಿಕೆಯ ಮೇಲೆ ಚಿತ್ರ ವಿವರಿಸುತ್ತಿದ್ದ ಸಂಶೋಧಕ ಆ ಚುಕ್ಕಿಯ ಬ್ಯಾಡ್ಜಿನ ಸಂಖ್ಯೆ ಓದಿದ. ಅದು ಅವಳದು.

ಸಭೆ ನಕ್ಕಿತು.

"ಓ, ಇದು ನಮ್ಮ ಬ್ಯಾಡ್ಜ್ ಮೇಡಂ," ಎಂದರು ಮುಖ್ಯಸ್ಥರು. "ಇದು ವಿದ್ವತ್ ಸಂಪರ್ಕ ಅಲ್ಲ, ಬರೀ ಗದ್ದಲ. ತೆಗೆದುಬಿಡಿ."

ಸಂಶೋಧಕ ಒಂದು ಕೀಲಿ ಒತ್ತಿದ. ಕುಂಬಳಕಾಯಿ ಮಾಯವಾಯಿತು. ಅದರ ಗೆರೆಗಳೂ ಹೋದವು. ಇಡೀ ಚಿತ್ರ ಐದಾರು ಗೊಂಚಲುಗಳಾಗಿ ಹರಿದು, ಒಂದಕ್ಕೊಂದು ಸಂಬಂಧವಿಲ್ಲದೆ ನಿಂತಿತು. ಈಗ ಶುದ್ಧವಾಯಿತು ಎಂದು ಮುಖ್ಯಸ್ಥರು ಸಂತೋಷಪಟ್ಟರು. ಅದರ ಮೇಲೆ ಸಂಶೋಧಕ ಒಂದು ಕಲ್ಪನೆಯ ಸೋಂಕನ್ನು ಬಿಟ್ಟು ತೋರಿಸಿದ. ಮುಖ್ಯ ಅತಿಥಿಯ ಚುಕ್ಕಿಯಿಂದ ಹೊರಟ ಕೆಂಪು ಬಣ್ಣ, ಕಿಟಕಿಯ ಬಳಿಯ ಹನ್ನೊಂದು ಮಂದಿ ಭೌತಶಾಸ್ತ್ರಜ್ಞರನ್ನು ಮುಟ್ಟಿ ಸುಸ್ತಾಗಿ ನಿಂತುಬಿಟ್ಟಿತು. ಇಂಥ ಸಭೆಗಳಲ್ಲಿ ರೋಗ ಸುಲಭವಾಗಿ ಹರಡುವುದಿಲ್ಲ ಎಂದು ತೀರ್ಮಾನವಾಯಿತು. ಚಪ್ಪಾಳೆ ಬಿತ್ತು.

ಮೈಕು ಹಿಡಿದು ನಿಂತವಳಿಗೆ ಮೈ ಉರಿಯಿತು. ಬೆಳಿಗ್ಗೆ ನಾಲ್ಕು ನೂರು ಕೈಗಳಿಗೆ ಬ್ಯಾಡ್ಜು ಇಟ್ಟದ್ದು ಇದೇ ಬೆರಳುಗಳು. ಚಿತ್ರದಿಂದ ತೆಗೆದರೆ ತಾನು ಮೇಜಿನ ಹಿಂದಿನಿಂದಲೂ ಹೋದಂತಾಯಿತೇ? ಇಷ್ಟು ಓದಿದವರಿಗೆ ಇಷ್ಟು ತಿಳಿಯದೇ? ತುಟಿಗೆ ಬಂದ ನಗು ಅರ್ಧದಲ್ಲೇ ಸಿಕ್ಕಿಕೊಂಡಿತು. ಬೆಳಿಗ್ಗೆ ಎಂಟೂವರೆಗೆ, ಬಸ್ ನಿಲ್ದಾಣದ ಕಡೆ ನೋಡುತ್ತ ತಾನು ಮಾಡಿದ್ದಾದರೂ ಏನು? ತನ್ನ ಕೆಲಸ, ತನ್ನ ರಜೆ, ತನ್ನ ಕಾಯಂ, ಎಲ್ಲವನ್ನೂ ಲೆಕ್ಕ ಹಾಕಿದ್ದಳು. ಆ ಬಸುರಿ ಹುಡುಗಿಯ ಹೊಟ್ಟೆಯನ್ನು ಮಾತ್ರ ಲೆಕ್ಕದಿಂದ ತೆಗೆದುಬಿಟ್ಟಿದ್ದಳು.

ಗೊತ್ತಿಲ್ಲದೆ ಅಲ್ಲ. ತಾನು ಬಸುರಿಯಾಗಿದ್ದಾಗ ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದಾಗಿತ್ತು, ಚಿಕ್ಕಂದಿನಲ್ಲಿ ಚಿಕನ್ ಪಾಕ್ಸ್ ಬಂದಿತ್ತೇ ಎಂದು. ಬಂದಿತ್ತು ಎಂದು ಅಮ್ಮ ಸಾಕ್ಷಿ ನುಡಿದ ಮೇಲೆಯೇ ಕಾರ್ಡಿನಲ್ಲಿ ಗುರುತು ಹಾಕಿ, ಬಾರದಿದ್ದವರು ರೋಗಿಯನ್ನು ಮುಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಬರಬೇಕು, ಒಳಗಿನ ಕೂಸಿಗೆ ಅಪಾಯ ಎಂದಿದ್ದರು.

ಅರ್ಥಶಾಸ್ತ್ರದವರೊಬ್ಬರು ಕೈಯೆತ್ತಿದ್ದರು. ಅವಳು ಅವರನ್ನು ದಾಟಿ ಹೋಗಿ ಮೈಕನ್ನು ಮುಖ್ಯಸ್ಥರ ಕೈಗೇ ಇಟ್ಟಳು.

"ಎಲ್ಲಿಗ್ರೀ? ಸಮಾರೋಪ ಬಾಕಿ ಇದೆ. ನಾಳೆ ನಿಮ್ಮ ಫೈಲ್ ಬಗ್ಗೆ ಮಾತಾಡೋಣ ಅಂತಿದ್ದೆ."

"ಈಗಷ್ಟೇ ತೆಗೆದ್ರಲ್ಲ ಸರ್. ನಾನಿಲ್ದಿದ್ರೂ ನಡೆಯತ್ತೆ."

ಉತ್ತರಕ್ಕೆ ಕಾಯದೆ ಸಭಾಂಗಣದಿಂದ ಹೊರಬಿದ್ದಳು. ಆರು ವರ್ಷ ಒಂದು ಮಾತಿಗೆ ಹೋಯಿತೇನೋ. ಮೆಟ್ಟಿಲ ಬಳಿ, ಮಡಿಸಿಟ್ಟ ಕುರ್ಚಿಗಳ ಹಿಂದೆ ನಿಂತು ಬೇಬಿ ಸಿಟ್ಟಿಂಗ್‌ನ ನಂಬರು ಒತ್ತಿದಳು. ಎರಡು ಸಲ ತಾನೇ ಕಟ್ ಮಾಡಿದಳು. ಮೂರನೆಯ ಸಲ ಆ ಕಡೆಯಿಂದ ಹುಡುಗಿಯೇ ಎತ್ತಿದಳು. ಪುಟ್ಟಿ ಈಗಷ್ಟೇ ನನ್ನ ತೊಡೆ ಮೇಲೇ ಮಲಗಿದಳು ಅಕ್ಕ, ಮೈ ಸ್ವಲ್ಪ ಬೆಚ್ಚಗಿದೆ ಎಂದು ಪಿಸುಗುಟ್ಟಿದಳು.

"ಅವಳನ್ನ ಕೆಳಗೆ ಮಲಗಿಸಿ, ನೀವು ಆಚೆ ಬನ್ನಿ," ಎಂದಳು ಇವಳು. "ಅದು ಸೊಳ್ಳೆ ಅಲ್ಲ. ಬೆಳಿಗ್ಗೆ ನಾನು ಸುಳ್ಳು ಹೇಳ್ದೆ. ಚಿಕನ್ ಪಾಕ್ಸ್ ಇರಬೇಕು. ನಿಮಗೆ ಚಿಕ್ಕವರಿದ್ದಾಗ ಬಂದಿತ್ತಾ?"

ಆ ಕಡೆ ಹುಡುಗಿ ಎದ್ದು ಬಾಗಿಲು ಎಳೆದುಕೊಂಡದ್ದು ಕೇಳಿಸಿತು. ಆಮೇಲೆ, "ಗೊತ್ತಿಲ್ಲ ಅಕ್ಕ. ಅಮ್ಮನ್ನ ಕೇಳ್ಬೇಕು."

"ಈಗ್ಲೇ ಕೇಳಿ. ಬಂದಿಲ್ಲ ಅಂದ್ರೆ, ಗೊತ್ತಿಲ್ಲ ಅಂದ್ರೂನೂ, ಇವತ್ತೇ ಆಸ್ಪತ್ರೆಗೆ ಹೋಗ್ಬೇಕು. ನಾನೇ ಆಟೋ ತರ್ತೀನಿ. ಬಯ್ಯೋದಿದ್ರೆ ಆಮೇಲೆ ಬಯ್ಯಿ, ಮೊದಲು ಅಮ್ಮಂಗೆ ಫೋನ್ ಮಾಡಿ."